ಮೊದಲನೆಯ ಪೊಟ್ಟಣ

ಕಳೆದ ನವೆಂಬರಿನಲ್ಲಿ ನಮ್ಮ ಸಂಘದ ಸಭಾಗೃಹದಲ್ಲಿ ನಡೆದ ಮಕ್ಕಳ ಕಾರ್ಯಕ್ರಮಕ್ಕೆ ಬಂದಿದ್ದ ಓದುಗರಿಗೆ ನಾನೊಂದು ತಪ್ಪೊಪ್ಪಿಗೆ ಸಲ್ಲಿಸಬೇಕಾಗಿದೆ. ಕೋಲಾಟ, ಛದ್ಮವೇಷ ಎಲ್ಲ ಮುಗಿದ ಮೇಲೆ ಏಳನೆಯ ತರಗತಿಯ ಹುಡುಗಿಯೊಬ್ಬಳು ವೇದಿಕೆಗೆ ಬಂದಿದ್ದು ನಿಮಗೆ ನೆನಪಿರಬಹುದು. ಮೇಜಿನ ಮೇಲೆ ಒಂದು ಗಾಜಿನ ಭರಣಿ, ಅದರ ತುಂಬ ನೀರು. ಆಕೆ ಸಣ್ಣದೊಂದು ಪೊಟ್ಟಣ ಬಿಚ್ಚಿ ಪುಡಿಯನ್ನು ನೀರಿಗೆ ಸುರಿದಳು, ಚಮಚದಿಂದ ಕದಡಿದಳು, ಒಂದು ಎರಡು ಮೂರು ಎಂದು ಎಣಿಸಿದಳು, ಭರಣಿಯ ಪಕ್ಕದಲ್ಲಿ ಟಾರ್ಚ್ ಹಿಡಿದಳು. ನೂರಾರು ಪುಟ್ಟ ಚುಕ್ಕೆಗಳು ಕುಣಿಯುತ್ತ ಬೆಳಕಿನ ಕಡೆಗೆ ಈಜಿಬಂದವು. ಒಣ ಪುಡಿಗೆ ಜೀವ ಬಂತು! ಮುಂದಿನ ಸಾಲಿನವರು ಎದ್ದು ನಿಂತು ನೋಡಿದರು, ಹಿಂದಿನ ಸಾಲಿನವರು ಏನೂ ಕಾಣದಿದ್ದರೂ ಚಪ್ಪಾಳೆ ತಟ್ಟಿದರು.

ಆ ಹುಡುಗಿ ನನ್ನ ಮಗಳು. ಅವಳು ತೋರಿಸಿದ್ದು ಸುಳ್ಳು. ಹೇಳಿಕೊಟ್ಟವನು ನಾನು.

ಜೀವಿಗಳೇನೋ ನಿಜವಾದವೇ. ಆದರೆ ಅವು ಆ ಪೊಟ್ಟಣದಿಂದ ಬಂದವಲ್ಲ. ಹಿಂದಿನ ದಿನ ಸಂಜೆಯೇ ನೀರಿಗೆ ಇನ್ನೊಂದು ಪೊಟ್ಟಣ ಬಿದ್ದಿತ್ತು. ಅದರಲ್ಲಿ ಉಪ್ಪಿನ ಜೊತೆಗೆ ಮೊಟ್ಟೆಗಳೂ ಇದ್ದವು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅವು ಒಡೆದು ಮರಿಗಳಾಗಿದ್ದವು; ತಿಳಿನೀರಿನಲ್ಲಿ, ಸಭಾಗೃಹದ ಮಂದ ದೀಪದಲ್ಲಿ, ಅಷ್ಟು ಸಣ್ಣ ಮರಿಗಳು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ನಿಮ್ಮೆದುರು ಸುರಿದ ಎರಡನೆಯ ಪೊಟ್ಟಣದಲ್ಲಿ ಇದ್ದದ್ದು ಮುಖ್ಯವಾಗಿ ಒಂದು ಚಿಟಿಕೆ ನೀಲಿ ಬಣ್ಣ. ನೀರಿಗೆ ಬಣ್ಣ ಏರಿತು, ಟಾರ್ಚ್ ಬೆಳಕು ಬಿತ್ತು, ಮರಿಗಳು ಕಂಡವು. ಹುಟ್ಟಿದ್ದು ನಿನ್ನೆ, ಕಂಡದ್ದು ಇಂದು. ನೋಡಿದವರು ಇಂದೇ ಹುಟ್ಟಿದವು ಎಂದುಕೊಂಡರು.

ಈ ಉಪಾಯ ನನ್ನದಲ್ಲ. ಹೆರಾಲ್ಡ್ ಫಾನ್ ಬ್ರೌನ್‌ಹಟ್ ಎಂಬ ಅಮೆರಿಕನ್ನನದು. ಇಂದು ನಾನು ಬರೆಯಹೊರಟಿರುವುದು ಅವನ ವಿಷಯ. ಅಥವಾ ಅವನ ನೆಪದಲ್ಲಿ ನನ್ನನ್ನು ಮೂರು ತಿಂಗಳಿನಿಂದ ಕಾಡುತ್ತಿರುವ ಒಂದು ಪ್ರಶ್ನೆಯ ವಿಷಯ.

ಬಿ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ‘ಆರ್ಟೀಮಿಯ’ ಎಂಬ ಉಪ್ಪುನೀರಿನ ಜೀವಿಯನ್ನು ಸ್ಲೈಡಿನ ಮೇಲೆ ನೋಡಿದ್ದೆ. ಸಿಗಡಿಯ ದೂರದ ನೆಂಟ ಎನ್ನಬಹುದು. ಬೆಳೆದರೆ ಒಂದು ಸೆಂಟಿಮೀಟರ್ ಉದ್ದ, ಹನ್ನೊಂದು ಜೊತೆ ಕಾಲು, ಉಸಿರಾಟವೂ ಆ ಕಾಲುಗಳಿಂದಲೇ. ಮರಿಗೆ ಒಂದೇ ಕಣ್ಣು, ಆಮೇಲೆ ಇನ್ನೆರಡು ಬರುತ್ತವೆ. ಇದರ ದೊಡ್ಡ ವಿಶೇಷವೆಂದರೆ ಮೊಟ್ಟೆ. ಕೊಳದ ನೀರು ಆರಿ ಉಪ್ಪು ಮಿತಿಮೀರಿದಾಗ ಇದು ಗಟ್ಟಿ ಕವಚದ ಮೊಟ್ಟೆಗಳನ್ನಿಡುತ್ತದೆ. ಒಳಗಿರುವ ಭ್ರೂಣ ತನ್ನ ಬೆಳವಣಿಗೆಯನ್ನು ಇದ್ದಲ್ಲಿಗೇ ನಿಲ್ಲಿಸಿಬಿಡುತ್ತದೆ. ಉಸಿರಾಟವಿಲ್ಲ, ಆಹಾರವಿಲ್ಲ, ಚಲನೆಯಿಲ್ಲ. ಸತ್ತಿದೆಯೇ ಎಂದರೆ ಇಲ್ಲ. ಬದುಕಿದೆಯೇ ಎಂದರೆ ಹೌದೆನ್ನಲೂ ಧೈರ್ಯ ಸಾಲದು. ಹೀಗೆ ವರ್ಷಗಟ್ಟಲೆ ಇರಬಲ್ಲದು. ಮತ್ತೆ ಹದವಾದ ನೀರು ಸಿಕ್ಕಿತೋ, ಒಂದು ದಿನದಲ್ಲಿ ಮರಿ ಹೊರಗೆ. ನಮ್ಮ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಪಾಟಿನಲ್ಲಿ ಮಲಗಿದ್ದ ಫೈಲು ಯಾರೋ ಮಾಹಿತಿ ಹಕ್ಕಿನ ಅರ್ಜಿ ಹಾಕಿದೊಡನೆ ಜೀವ ತಾಳಿ ಎದ್ದು ಕೂರುವುದನ್ನು ಕಂಡಿರುವ ನನಗೆ ಇದು ನಂಬಲಾಗದ ಸಂಗತಿಯೇನಲ್ಲ.

ಈ ಜೀವಿಗಾಗಿ ಅಮೆರಿಕೆಗೆ ಹೋಗಬೇಕಿಲ್ಲ. ರಾಜಸ್ಥಾನದ ಡೀಡ್ವಾನಾ ಉಪ್ಪಿನ ಸರೋವರದಲ್ಲಿದೆ; ನಮ್ಮದೇ ಮುಂಬಯಿಯ ವಡಾಲಾದ ಉಪ್ಪಿನ ಆಗರಗಳಲ್ಲಿಯೂ ಕಂಡದ್ದು ದಾಖಲಾಗಿದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳನ್ನು ನೋಡಿದವರಿಗೆ ಭಾಂಡುಪ್ ಕಡೆ ಹೆದ್ದಾರಿಯ ಪಕ್ಕದಲ್ಲಿ ಕಾಣುವ ಉಪ್ಪಿನ ಪಾತಿಗಳು ಊರಿನ ನೆನಪು ತರುತ್ತವೆ. ಆ ಪಾಚಿಗಟ್ಟಿದ ನೀರಿನಲ್ಲಿ ಏನೇನು ಈಜುತ್ತಿರಬಹುದೆಂದು ಬಸ್ಸಿನ ಕಿಟಕಿಯಿಂದ ನೋಡುವ ನಾವು ಯೋಚಿಸುವುದಿಲ್ಲ. ನಾನು ಮೊಟ್ಟೆ ತಂದದ್ದು ಮಾತ್ರ ಕ್ರಾಫರ್ಡ್ ಮಾರ್ಕೆಟ್ಟಿನ ಬಳಿ, ಬಣ್ಣದ ಮೀನು ಮಾರುವ ಅಂಗಡಿಯಿಂದ. ಮೀನುಮರಿಗಳಿಗೆ ಆಹಾರವೆಂದು ಅಲ್ಲಿ ಇದನ್ನು ಮಾರುತ್ತಾರೆ.

1957ರಲ್ಲಿ ಬ್ರೌನ್‌ಹಟ್ ಇದನ್ನು ಕಂಡದ್ದೂ ಸಾಕುಪ್ರಾಣಿಗಳ ಅಂಗಡಿಯೊಂದರಲ್ಲಿ, ಮೀನಿನ ಆಹಾರವಾಗಿಯೇ. ಅವನು 1926ರಲ್ಲಿ ಟೆನೆಸ್ಸಿ ರಾಜ್ಯದ ಮೆಂಫಿಸ್‌ನಲ್ಲಿ ಹುಟ್ಟಿದವನು, ಬೆಳೆದದ್ದು ನ್ಯೂಯಾರ್ಕಿನಲ್ಲಿ. ಮೋಟಾರ್‌ಸೈಕಲ್ ಪಂದ್ಯಗಳಲ್ಲಿ ‘ಗ್ರೀನ್ ಹಾರ್ನೆಟ್’ ಎಂಬ ಹೆಸರು ಹೊತ್ತು ಓಡಿದ್ದ. ಪರರ ಮನಸ್ಸನ್ನು ಓದುತ್ತೇನೆಂದು ಪ್ರದರ್ಶನ ಕೊಡುತ್ತಿದ್ದ ಡನಿಂಜರ್ ಎಂಬಾತನಿಗೆ ಮ್ಯಾನೇಜರಾಗಿದ್ದ. ನಲವತ್ತು ಅಡಿ ಎತ್ತರದಿಂದ ಒಂದಡಿ ನೀರಿಗೆ ಹಾರಿ ಬದುಕುತ್ತಿದ್ದ ಹೆನ್ರಿ ಲಾಮೋತ್ ಎಂಬ ಸಾಹಸಿಯ ವ್ಯವಹಾರವನ್ನೂ ನೋಡಿಕೊಂಡಿದ್ದ. ಒಟ್ಟಿನಲ್ಲಿ ಜನ ಬಾಯಿಬಿಟ್ಟು ನೋಡುವ ಕ್ಷಣ ಯಾವುದು, ಅದಕ್ಕೆ ಎಷ್ಟು ಬೆಲೆ ಕಟ್ಟಬಹುದು ಎಂಬುದನ್ನು ಚೆನ್ನಾಗಿ ಬಲ್ಲವನು.

ಮೀನಿನ ಆಹಾರವನ್ನು ಆತ ‘ಇನ್‌ಸ್ಟಂಟ್ ಲೈಫ್’ ಎಂದು ಕರೆದು ನಲವತ್ತೊಂಬತ್ತು ಸೆಂಟಿಗೆ ಮಾರಿದ. 1962ರಲ್ಲಿ ಹೆಸರು ಬದಲಾಯಿಸಿ ‘ಸೀ ಮಂಕೀಸ್’, ಅಂದರೆ ಕಡಲ ಕೋತಿಗಳು, ಎಂದಿಟ್ಟ. ಬಾಲ ಕೋತಿಯ ಬಾಲದಂತೆ ಕಂಡಿತಂತೆ. ಅಂಗಡಿಯವರು ಆಸಕ್ತಿ ತೋರದಿದ್ದಾಗ ಮಕ್ಕಳ ಕಾಮಿಕ್ಸ್ ಪುಸ್ತಕಗಳ ಹಿಂಪುಟಗಳನ್ನು ಹಿಡಿದ. ಜೋ ಒರ್ಲಾಂಡೋ ಎಂಬ ಕಲಾವಿದ ಬರೆದ ಆ ಜಾಹೀರಾತಿನ ಚಿತ್ರ ಅಮೆರಿಕದ ಒಂದು ತಲೆಮಾರಿನ ಮಕ್ಕಳ ಕಣ್ಣಿನಲ್ಲಿ ಉಳಿದುಹೋಯಿತು: ತಲೆಯ ಮೇಲೆ ಕಿರೀಟದಂಥ ಕೊಂಬುಗಳ ಅಪ್ಪ, ಅಮ್ಮ, ಮಕ್ಕಳು, ನಗುಮುಖ, ಹಿಂದೆ ಒಂದು ಅರಮನೆ. ಚಿತ್ರವು ನಿಜವಾದ ಜೀವಿಯದಲ್ಲ ಎಂಬ ಮಾತೂ ಸಣ್ಣಕ್ಷರದಲ್ಲಿ ಇತ್ತು. ಸಣ್ಣಕ್ಷರ ಓದುವುದು ನಮ್ಮಂಥ ಗುಮಾಸ್ತರ ಕಸುಬು. ಎಂಟು ವರ್ಷದ ಮಗುವಿನದಲ್ಲ. ರಾಜಪರಿವಾರವನ್ನು ನಿರೀಕ್ಷಿಸಿದ ಮಗುವಿಗೆ ದೊರೆತದ್ದು ನೀರಿನಲ್ಲಿ ಮಿಸುಕಾಡುವ ಧೂಳು.

ಆದರೂ ಅದು ಮಿಸುಕಾಡಿತಲ್ಲ! ಅಲ್ಲೇ ಇರುವುದು ಇವನ ಬುದ್ಧಿವಂತಿಕೆ. ಆಂಥೊನಿ ಡಿ ಅಗೊಸ್ಟಿನೋ ಎಂಬ ಕಡಲಜೀವ ವಿಜ್ಞಾನಿಯ ಸಹಾಯದಿಂದ, ಕೊಳಾಯಿಯ ನೀರಿನಲ್ಲಿಯೂ ಮೊಟ್ಟೆ ಒಡೆಯುವಂತೆ ಉಪ್ಪುಗಳ ಮಿಶ್ರಣವೊಂದನ್ನು ಸಿದ್ಧಪಡಿಸಿದ. ಹೆಚ್ಚು ಕಾಲ ಬದುಕುವ ತಳಿಯೊಂದನ್ನೂ ಬೆಳೆಸಿದರು. ಮೊದಲನೆಯ ಪೊಟ್ಟಣದ ಮೇಲೆ ‘ನೀರು ಶುದ್ಧಿ ಮಾಡುವ ಪುಡಿ’ ಎಂದು ಬರೆದು, ಯಾರಿಗೂ ಹೇಳದೆ ಅದರೊಳಗೇ ಮೊಟ್ಟೆಗಳನ್ನು ಬೆರೆಸಿದ. ಒಂದು ದಿನ ಕಾಯಿರಿ, ನೀರು ಶುದ್ಧವಾಗಲಿ ಎಂದ. ‘ಮೊಟ್ಟೆ’ ಎಂದು ಬರೆದ ಎರಡನೆಯ ಪೊಟ್ಟಣದಲ್ಲಿ ಬಣ್ಣ ಇಟ್ಟ. 1972ರಲ್ಲಿ ಮೊಟ್ಟೆಯೊಡೆಸುವ ವಿಧಾನಕ್ಕೆ ಪೇಟೆಂಟನ್ನೂ ಪಡೆದ. ಲಕ್ಷಾಂತರ ಮಕ್ಕಳು ತಮ್ಮ ಕೈಯಾರೆ, ತಮ್ಮ ಕಣ್ಣೆದುರೇ, ಜೀವ ಹುಟ್ಟಿಸಿದೆವೆಂದು ಕುಣಿದರು. 1998ರಲ್ಲಿ ಎಪ್ಪತ್ತೇಳು ವರ್ಷದ ಜಾನ್ ಗ್ಲೆನ್ ಮತ್ತೆ ಬಾಹ್ಯಾಕಾಶಕ್ಕೆ ಹೋದಾಗ ಈ ಮೊಟ್ಟೆಗಳೂ ಜೊತೆಗೆ ಹೋಗಿ ಬಂದವು.

ಇವನ ಉಳಿದ ಸರಕುಗಳೂ ಸ್ವಾರಸ್ಯವಾಗಿವೆ. ‘ಅದೃಶ್ಯ ಬಂಗಾರದ ಮೀನು’ ಎಂದು ಒಂದು. ಗಾಜಿನ ತೊಟ್ಟಿ ಬರುತ್ತದೆ, ಮೀನಿನ ಆಹಾರ ಬರುತ್ತದೆ, ಮೀನು ಎಂದೂ ಕಾಣಿಸುವುದಿಲ್ಲವೆಂಬ ಗ್ಯಾರಂಟಿಯೂ ಬರುತ್ತದೆ! ಇದನ್ನು ನಾನು ಮೋಸವೆನ್ನಲಾರೆ. ಕೊಳ್ಳುವವನೂ ಮಾರುವವನೂ ಒಟ್ಟಿಗೆ ನಗಬಹುದಾದ ವ್ಯಾಪಾರ. ‘ಎಕ್ಸ್-ರೇ ಕನ್ನಡಕ’ದ ಕತೆ ಬೇರೆ. ಒಂದು ಡಾಲರಿಗೆ, ಕೈಯ ಮೂಳೆ ಕಾಣುತ್ತದೆ, ಬಟ್ಟೆಯ ಒಳಗೂ ಕಾಣುತ್ತದೆ ಎಂಬ ಆಸೆ. ರಟ್ಟಿನ ಕನ್ನಡಕದ ಸಣ್ಣ ತೂತುಗಳಲ್ಲಿ ಇರುತ್ತಿದ್ದದ್ದು ಹಕ್ಕಿಯ ಗರಿ, ಅಷ್ಟೇ. ಗರಿಯ ಎಳೆಗಳು ಒತ್ತೊತ್ತಾಗಿ, ಸಾಲಾಗಿ ಇರುವುದರಿಂದ ಬೆಳಕು ಅವುಗಳ ನಡುವೆ ಹಾದುಬರುವಾಗ ಬಾಗಿ, ವಸ್ತು ಎರಡಾಗಿ ಕಾಣುತ್ತದೆ. ಎರಡು ಬಿಂಬಗಳು ಒಂದರ ಮೇಲೊಂದು ಬಿದ್ದ ನಡುಭಾಗ ಹೆಚ್ಚು ಕಪ್ಪಾಗಿರುತ್ತದೆ. ಬೆರಳನ್ನು ನೋಡಿದರೆ ಆ ಕಪ್ಪೇ ಮೂಳೆಯೆಂದು ತೋರುತ್ತದೆ. ಗರಿಯ ಈ ಗುಣವನ್ನು ಜೇಮ್ಸ್ ಗ್ರೆಗರಿ ಎಂಬ ಗಣಿತಜ್ಞ 1673ರಲ್ಲೇ ಗುರುತಿಸಿದ್ದ. ಬಾಲ್ಯದಲ್ಲಿ ಕರೆಂಟ್ ಹೋದ ರಾತ್ರಿಗಳಲ್ಲಿ ನಾವು ಕೋಳಿಯ ಗರಿ ಹಿಡಿದು ಮೇಣದ ಬತ್ತಿ ನೋಡುತ್ತಿದ್ದೆವು. ಜ್ವಾಲೆಯ ಎರಡೂ ಕಡೆ ಕಾಮನಬಿಲ್ಲಿನ ಚೂರುಗಳು ಕಾಣುತ್ತಿದ್ದವು. ಅಂಥ ಚೆಲುವಾದ ಒಂದು ಭೌತಶಾಸ್ತ್ರದ ಪಾಠವನ್ನು, ಹೆಂಗಸರ ಬಟ್ಟೆಯೊಳಗೆ ಇಣುಕುವ ಸುಳ್ಳು ಆಸೆಯ ಕಾಗದದಲ್ಲಿ ಸುತ್ತಿ ಹುಡುಗರಿಗೆ ಮಾರಿದ್ದಕ್ಕೆ ನನಗೆ ಸಿಟ್ಟಿದೆ. ನಿಜ ಹೇಳಿ ಮಾರಿದ್ದರೆ ಡಾಲರ್ ಹುಟ್ಟುತ್ತಿರಲಿಲ್ಲ ಎನ್ನುವಿರಿ. ಹೌದು, ಅದೂ ನಿಜವೇ.

ಈ ಬಗೆಯ ಸಣ್ಣ ವ್ಯಾಪಾರಿಗಳ ಬಗ್ಗೆ ನನಗೆ ಮೊದಲಿನಿಂದಲೂ ಒಲವು. ಲೋಕಲ್ ಗಾಡಿಯಲ್ಲಿ ಸೂಜಿಗೆ ದಾರ ಪೋಣಿಸುವ ಯಂತ್ರ, ಸ್ಟೇಷನ್ನಿನ ಹೊರಗೆ ಒಂದೇ ತಿರುವಿಗೆ ಕ್ಯಾರೆಟ್ಟನ್ನು ಹೂವಾಗಿಸುವ ಕತ್ತಿ, ಇವನ್ನು ಕೊಂಡು ಬಯ್ಯಿಸಿಕೊಳ್ಳದ ತಿಂಗಳಿಲ್ಲ. ಅವರ ಕೈಯಲ್ಲಿ ನಡೆದದ್ದು ನಮ್ಮ ಅಡಿಗೆಮನೆಯಲ್ಲಿ ಎಂದೂ ನಡೆಯುವುದಿಲ್ಲ. ಆದರೂ ತಿಂಗಳ ಮೊದಲ ತಾರೀಕಿಗೆ ಸಂಬಳ ಎಣಿಸುವ ನನ್ನಂಥವನಿಗೆ, ಸ್ವಂತ ತಲೆಯಿಂದ ಏನನ್ನೋ ಹೊಸೆದು ಬೀದಿಯಲ್ಲಿ ನಿಂತು ಮಾರುವವನನ್ನು ಕಂಡರೆ ಹೊಟ್ಟೆಕಿಚ್ಚಿನಂಥ ಗೌರವ. ಬ್ರೌನ್‌ಹಟ್ಟನ ಹೆಸರಿನಲ್ಲಿ ಇನ್ನೂರಕ್ಕೆ ಸಮೀಪದಷ್ಟು ಪೇಟೆಂಟುಗಳಿದ್ದವೆಂದು ಪತ್ರಿಕೆಗಳು ಬರೆದಿವೆ. ಹಾಗಾಗಿ ಮಗಳು ‘ಸಂಘದಲ್ಲಿ ಏನು ಮಾಡಲಿ ಅಪ್ಪಾ?’ ಎಂದಾಗ ನಾನು ಹುರುಪಿನಿಂದ ಅವನ ಕತೆ ಹೇಳಿದೆ. ಆದರೆ ಹೇಳಿದ್ದು ಅರ್ಧ ಮಾತ್ರ.

ಉಳಿದರ್ಧ ಹೀಗಿದೆ. ಅವನ ಹುಟ್ಟುಹೆಸರು ಹೆರಾಲ್ಡ್ ನೇಥನ್ ಬ್ರೌನ್‌ಹಟ್. ಯಹೂದಿ ಮನೆತನ. ‘ಫಾನ್’ ಎಂಬ ಜರ್ಮನ್ ಕುಲೀನರ ಉಪಪದವನ್ನು ಐವತ್ತರ ದಶಕದಲ್ಲಿ ತಾನೇ ಅಂಟಿಸಿಕೊಂಡದ್ದು. ಅದನ್ನು ಬೇಕಾದರೆ ವ್ಯಾಪಾರದ ಠೀವಿ ಎನ್ನೋಣ. ಆದರೆ 1988ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ, ಈತ ‘ಆರ್ಯನ್ ನೇಷನ್ಸ್’ ಎಂಬ ಸಂಘಟನೆಯ ಬೆಂಬಲಿಗನೆಂಬುದನ್ನು, ಜೊತೆಗೆ ಈತನೇ ಯಹೂದಿ ಮೂಲದವನೆಂಬುದನ್ನು ಬಯಲಿಗೆ ತಂದಿತು. ಐಡಾಹೋ ರಾಜ್ಯದಲ್ಲಿ ನೆಲೆಮಾಡಿದ್ದ, ಹಿಟ್ಲರನನ್ನು ಆರಾಧಿಸುವ, ಯಹೂದಿಗಳನ್ನೂ ಕಪ್ಪು ಜನರನ್ನೂ ದ್ವೇಷಿಸುವುದನ್ನೇ ಧರ್ಮವೆಂದು ಸಾರುತ್ತಿದ್ದ ಗುಂಪು ಅದು. ಅದರ ಮುಖಂಡ ರಿಚರ್ಡ್ ಬಟ್ಲರನ ಮೇಲೆ ಮೊಕದ್ದಮೆ ನಡೆದಾಗ, ಬ್ರೌನ್‌ಹಟ್ ತಯಾರಿಸುತ್ತಿದ್ದ ‘ಕಿಯೋಗ’ ಎಂಬ ಆಯುಧವನ್ನು ಕೊಳ್ಳಿರಿ, ಬಂದ ಹಣದಲ್ಲಿ ಒಂದು ಪಾಲು ಮೊಕದ್ದಮೆಯ ಖರ್ಚಿಗೆ ಸೇರುತ್ತದೆ ಎಂದು ಅವರ ಕಡೆಯಿಂದಲೇ ಪ್ರಚಾರವಾಗಿತ್ತು. ಅಂಗೈಯಲ್ಲಿ ಅಡಗುವ, ಬೀಸಿದರೆ ಚಾಟಿಯಂತೆ ಉದ್ದವಾಗುವ ಉಕ್ಕಿನ ಸ್ಪ್ರಿಂಗು ಅದು. 2003ರಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ.

(‘ಆರ್ಯ’ ಎಂಬ ನಮ್ಮ ಸಂಭಾವಿತ ಪದಕ್ಕೆ ಎಂಥ ಗತಿ! ಕಂಪನಿ ನಾಟಕಗಳಲ್ಲಿ ರಾಣಿ ‘ಆರ್ಯಪುತ್ರಾ’ ಎಂದು ಕರೆಯುವಾಗ ಎಲ್ಲರೂ ನಗುತ್ತಿದ್ದರು, ಅಷ್ಟೇ ಅದರ ಅಪಾಯ.)

ಇದು ನನಗೆ ಗೊತ್ತಿತ್ತು. ಹನ್ನೆರಡು ವರ್ಷದ ಹುಡುಗಿಗೆ ಇದೆಲ್ಲ ಏಕೆ ಎಂದು ಹೇಳಲಿಲ್ಲ. ಕಾರ್ಯಕ್ರಮ ಮುಗಿದು ಎರಡು ವಾರದ ಮೇಲೆ ಅವಳೇ ಮೊಬೈಲಿನಲ್ಲಿ ಹುಡುಕಿ ಓದಿಕೊಂಡಳು. ನಾನು ಕಚೇರಿಯಿಂದ ಬಂದು ಚೀಲ ಕೆಳಗಿಡುವಷ್ಟರಲ್ಲಿ ಎದುರು ನಿಂತು ಕೇಳಿದಳು: “ಅಪ್ಪಾ, ನಿಂಗೆ ಗೊತ್ತಿತ್ತಾ?”

ಗೊತ್ತಿತ್ತು ಎಂದೆ.

“ಮತ್ತೆ ಯಾಕೆ ಹೇಳ್ಲಿಲ್ಲ?”

ಇದಕ್ಕೆ ನಾನು ಕೊಟ್ಟ ಉತ್ತರ ಎಷ್ಟು ದುರ್ಬಲವಾಗಿತ್ತೆಂದರೆ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವಳು ಭರಣಿಯ ಕಡೆ ನೋಡಿದಳು. ವೇದಿಕೆಯ ಮರಿಗಳಲ್ಲಿ ಅರ್ಧವನ್ನು ಮನೆಯಲ್ಲಿ ಸಾಕುತ್ತಿದ್ದಳು. “ಇವನ್ನ ಚೆಲ್ಲಿಬಿಡೋಣ್ವಾ?” ಎಂದಳು.

“ಅವು ಏನು ಮಾಡಿದವು ಪುಟ್ಟಾ?” ಎಂದೆ. ಚೆಲ್ಲಲಿಲ್ಲ. ಆದರೆ ಅಂದಿನಿಂದ ಭರಣಿಗೆ ಆಹಾರ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ನನ್ನ ಹೆಂಡತಿಗೆ ಈ ಪ್ರಶ್ನೆಯೇ ಅತಿರೇಕವೆನಿಸಿತು. “ಕೊತ್ತಂಬರಿ ಸೊಪ್ಪು ತರುವಾಗ ಮಾರುವವನ ಗುಣ ಕೇಳಿ ತರ್ತೀರಾ? ಋಷಿಮೂಲ, ನದೀಮೂಲ ಹುಡುಕಬಾರದು ಅಂತ ಹಿರಿಯರು ಸುಮ್ಮನೆ ಹೇಳಿದ್ರಾ?” ಎಂದಳು. ಮಾತು ನಿಜ. ಹುಡುಕುತ್ತ ಹೋದರೆ ಮನೆಯಲ್ಲಿ ಒಂದು ಚಮಚವೂ ಉಳಿಯಲಾರದು. ಆದರೆ ಆ ಗಾದೆ ನದಿಗೂ ಋಷಿಗೂ ಅನ್ವಯಿಸುವುದು. ನದಿ ತನ್ನ ಮೂಲವನ್ನು ಮರೆಮಾಡಿ ಬೇರೆ ಮೂಲ ಹೇಳಿಕೊಂಡು ಹರಿಯುವುದಿಲ್ಲ. ಇನ್ನು ಋಷಿಯ ವಿಷಯ. ಕೀಳೆಂದು ಕರೆಯಲಾದ ಮೂಲದಿಂದ ಮೇಲೇರಿದವನನ್ನು ಕೆದಕಬೇಡಿ ಎಂಬುದು ಅಲ್ಲಿನ ದೊಡ್ಡತನ. ತನ್ನ ಮೂಲವನ್ನು ತಾನೇ ಹಳಿಯುವವರ ಜೊತೆ ಸೇರಿ ಕಲ್ಲೆಸೆದವನಿಗೆ ಅದು ಹೇಗೆ ಆಸರೆಯಾದೀತು?

ಕಚೇರಿಯಲ್ಲಿ ಪಕ್ಕದ ಮೇಜಿನ ಮರಾಠಿ ಮಿತ್ರರದು ಇನ್ನೊಂದು ವಾದ. ಅವನ ಮೊದಲನೆಯ ಸುಳ್ಳನ್ನೇ ನೀವು ಮೆಚ್ಚಿದಿರಿ, ಎರಡನೆಯ ಸುಳ್ಳು ಸಿಕ್ಕಿದಾಗ ಏಕೆ ಗಾಬರಿ? ಸುಳ್ಳು ಹೇಳುವವನು ಒಂದೇ ಕಡೆ ನಿಲ್ಲುತ್ತಾನೆಯೇ ಎಂದರು. ಇದು ನನ್ನನ್ನು ಹೆಚ್ಚು ಚುಚ್ಚಿತು. ನಾನು ವಿಜ್ಞಾನ ಓದಿದವನು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದ ಕತೆಯನ್ನು ನಮ್ಮ ಮೇಷ್ಟರು ತರಗತಿಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದರು. ಪ್ರಶ್ನಿಸದೆ ಒಪ್ಪಬೇಡಿ ಎಂದು ಕಲಿತ ನಾನು, ಸಂಘದ ವೇದಿಕೆಯಿಂದ ಮಗಳ ಕೈಯಲ್ಲಿ ಒಂದು ಪುಟ್ಟ ಪವಾಡವನ್ನೇ ಮಾಡಿಸಿದೆನಲ್ಲ! ಅಂದು ಒಳಬಾಗಿಲಿನ ಬಳಿ ಅವಳು ಕೇಳಿದ್ದಳು, “ಅಪ್ಪಾ, ಇದು ಸುಳ್ಳಲ್ವಾ?” “ಇದು ಜಾದೂ ಕಣೇ” ಎಂದು ವೇದಿಕೆಗೆ ತಳ್ಳಿದ್ದೆ.

ಜಾದೂವಿಗೂ ಸುಳ್ಳಿಗೂ ಇರುವ ಅಂತರವೇನು? ನಮ್ಮೂರ ಸಂತೆಗೆ ಬರುತ್ತಿದ್ದ ಗಾರುಡಿಗ ಬುಟ್ಟಿಯ ಕೆಳಗೆ ಮಾವಿನ ಗಿಡ ಎಬ್ಬಿಸುತ್ತಿದ್ದ. ಅದು ಕೈಚಳಕವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಎಲ್ಲಿ ಎಂಬುದು ಮಾತ್ರ ನಮಗೆ ಗೊತ್ತಿಲ್ಲ. ಹಾಗೆ ಒಪ್ಪಿ ಸುತ್ತ ಕೂತವರಿಂದ ಆತ ಕಾಸು ಎತ್ತುತ್ತಿದ್ದ. ಅಮೆರಿಕದ ಆ ಮಗು ಅಂಥ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ನೀವೂ ಹಾಕಿರಲಿಲ್ಲ. ಮಗಳು ಭರಣಿ ಎತ್ತಿಕೊಂಡು ಒಳಹೋಗುವ ಮುನ್ನ ‘ಇದರ ಗುಟ್ಟು ಹೀಗೆ’ ಎಂದು ಎರಡು ಮಾತು ಆಡಿಸಿದ್ದರೆ ಸಾಕಾಗಿತ್ತು. ಚಪ್ಪಾಳೆ ಸ್ವಲ್ಪ ಕಡಿಮೆಯಾದೀತೆಂದು ನಾನು ಆಡಿಸಲಿಲ್ಲ. ಗುಟ್ಟಿನಲ್ಲಿಯೇ ದೊಡ್ಡ ವಿಸ್ಮಯ ಇತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ. ವರ್ಷಗಟ್ಟಲೆ ಉಸಿರಿಲ್ಲದೆ ಬಿದ್ದಿದ್ದು ಒಂದು ದಿನದಲ್ಲಿ ಏಳುವುದು, ಒಂದು ಕ್ಷಣದಲ್ಲಿ ಏಳುವುದಕ್ಕಿಂತ ಯಾವ ರೀತಿಯಲ್ಲಿ ಕಡಿಮೆ?

ಹಾಗೆಂದು ಮಿತ್ರರ ಮಾತನ್ನು ಪೂರ್ತಿ ಒಪ್ಪಲೂ ಮನಸ್ಸು ಬಾರದು. ಬ್ರೌನ್‌ಹಟ್ಟನ ಸರಕುಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ನೋಡಿದಾಗ ನನಗೆ ವಿಚಿತ್ರವೊಂದು ಕಂಡಿತು. ಅವನು ಸುಳ್ಳು ಹೇಳಿ ಮಾರಿದ ಕಡಲ ಕೋತಿಗಳು ಮಕ್ಕಳಿಗೆ ನಿಜವಾದ ಸಂತೋಷ ಕೊಟ್ಟವು. ಹಾಗೆ ಬೆಳೆದವರಲ್ಲಿ ಎಷ್ಟೋ ಮಂದಿ ಇಂದಿಗೂ ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. ಒಂದಿಷ್ಟೂ ಸುಳ್ಳು ಬೆರೆಸದೆ, ಇದು ಹೊಡೆಯುವುದಕ್ಕೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ ಮಾರಿದ್ದು ಆ ಉಕ್ಕಿನ ಸ್ಪ್ರಿಂಗನ್ನು. ಕೊಂಡವರಿಗೆ ತಮ್ಮ ಹಣ ಎಲ್ಲಿಗೆ ಹೋಗುತ್ತದೆಂಬುದೂ ತಿಳಿದಿತ್ತು. ಸತ್ಯವನ್ನೇ ಅಳತೆಗೋಲು ಮಾಡಿಕೊಂಡರೆ ಆಯುಧದ ವ್ಯಾಪಾರ ಶುದ್ಧ, ಕೋತಿಗಳ ವ್ಯಾಪಾರ ಅಶುದ್ಧ ಎನ್ನಬೇಕಾಗುತ್ತದೆ. ಸಂತೋಷವನ್ನೇ ಅಳತೆಗೋಲು ಮಾಡಿಕೊಂಡರೆ, ಆ ಗುಂಪಿನವರೂ ತಮ್ಮ ಸಭೆಗಳಲ್ಲಿ ಬಹಳ ಸಂತೋಷವಾಗಿಯೇ ಇದ್ದಿರಬೇಕು. ಎರಡು ಕೋಲುಗಳೂ ನನ್ನ ಕೈಯಲ್ಲಿ ಮುರಿದವು.

ಕೊನೆಗೆ ನನಗೆ ಹಿಡಿಯಲು ಸಿಕ್ಕಿದ್ದು ಇಷ್ಟು: ಮುಚ್ಚಿಟ್ಟದ್ದು ಯಾರಿಗಾಗಿ ಎಂದು ಕೇಳಬೇಕು. ಮೊದಲನೆಯ ಪೊಟ್ಟಣದಲ್ಲಿ ಮೊಟ್ಟೆ ಮುಚ್ಚಿಟ್ಟದ್ದರಲ್ಲಿ ಅವನ ಲಾಭವಿತ್ತು, ಮಗುವಿನ ಪಾಲೂ ಒಂದಿತ್ತು. ಬೆಳೆದ ಮೇಲೆ ಗುಟ್ಟು ತಿಳಿದರೆ ಮಗು ನಗಬಲ್ಲದು. ತನ್ನ ತಾಯಿತಂದೆಯರ ಕುಲವನ್ನು ಮುಚ್ಚಿಟ್ಟು ಆ ಕುಲದ ವೈರಿಗಳ ಬೊಕ್ಕಸ ತುಂಬಿದಾಗ, ಅದರಲ್ಲಿ ಇನ್ಯಾರಿಗೂ ಪಾಲಿರಲಿಲ್ಲ. ಗುಟ್ಟು ತಿಳಿದಾಗ ನಗುವವರೂ ಯಾರೂ ಇರಲಿಲ್ಲ. ನಲವತ್ತೊಂಬತ್ತು ಸೆಂಟು ಕೊಟ್ಟ ಮಗುವಿನ ಮೇಲೆ ಇದರ ದೋಷ ಕಿಂಚಿತ್ತೂ ಇಲ್ಲ. ತಿಳಿದೂ ಕೊಟ್ಟವನ ಮೇಲೆ ಇದೆ. ತಿಳಿದೂ ಹೊಗಳಿದವನ ಮೇಲೆ? ಅಲ್ಲಿ ನಾನು ಬರುತ್ತೇನೆ. ಮೀನಿನಂಗಡಿಗೆ ನಾನು ಕೊಟ್ಟ ಹಣದಲ್ಲಿ ಒಂದು ಪೈಸೆಯೂ ಅವನಿಗೆ ತಲುಪಿಲ್ಲ. ಆದರೆ ಅವನ ಕತೆಯಲ್ಲಿ ಅರ್ಧವನ್ನು ಮಗಳಿಗೆ ಕೊಟ್ಟು, ಅರ್ಧವನ್ನು ಜೇಬಿನಲ್ಲಿಟ್ಟುಕೊಂಡೆ. ಅವಳು ನನ್ನ ಮೇಲೆ ಮುನಿದದ್ದು ಬ್ರೌನ್‌ಹಟ್ಟನ ಪಾಪಕ್ಕಲ್ಲ ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಜೀವಿಗಳ ಮಟ್ಟಿಗೆ ನನಗೆ ಯಾವ ಗೊಂದಲವೂ ಇಲ್ಲ. ಅವು ಅವನ ಸೃಷ್ಟಿಯಲ್ಲ. ಅವನಿಗಿಂತ, ಅವನು ದ್ವೇಷಿಸಿದವರಿಗಿಂತ, ಮನುಷ್ಯ ಎಂಬ ಪ್ರಾಣಿಗಿಂತ ಬಹಳ ಹಳೆಯವು. ಅವನದು ಚೀಟಿ ಅಂಟಿಸಿದ ಕೆಲಸ ಮಾತ್ರ.

ಇನ್ನು ಒಂದು ವಿಷಯ ಬಾಕಿಯಿದೆ. ಅಂದು ಕಾರ್ಯಕ್ರಮ ಮುಗಿದ ಮೇಲೆ ಸಂಘದ ಹಿರಿಯ ಸದಸ್ಯರಾದ ರಾಯರೊಬ್ಬರು ಕೋಲೂರಿಕೊಂಡು ಬಂದು ಮಗಳ ತಲೆ ನೇವರಿಸಿ, “ನಂಗೂ ಸ್ವಲ್ಪ ಕೊಡ್ತೀಯಾ ಮಗೂ?” ಎಂದು ಕೇಳಿದ್ದರು. ಕಳೆದ ವರ್ಷ ಅವರ ಪತ್ನಿ ತೀರಿಕೊಂಡರು, ಮಕ್ಕಳು ಪರದೇಶದಲ್ಲಿದ್ದಾರೆ. ಮಗಳು ಸಣ್ಣ ಸೀಸೆಯೊಂದರಲ್ಲಿ ಮರಿಗಳನ್ನು ಹಾಕಿಕೊಟ್ಟಿದ್ದಳು. ಅಂದಿನಿಂದ ಎರಡು ಮೂರು ದಿನಕ್ಕೊಮ್ಮೆ ಅವರ ಫೋನು ಬರುತ್ತದೆ. ಇಂದು ಕಾಲು ಕಾಣುತ್ತಿದೆ, ಇಂದು ಬೆನ್ನಡಿಯಾಗಿ ಈಜಿತು, ಇಂದು ಒಂದು ಸತ್ತಿತು. ಎಲ್ಲವನ್ನೂ ನನಗಲ್ಲ, ಮಗಳಿಗೆ ವರದಿ ಮಾಡುತ್ತಾರೆ. ಸುಳ್ಳಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಕಿ ಅವರಿಗೆ ಸಲ್ಲಬೇಕಾಗಿತ್ತು. ಈ ಲೇಖನವನ್ನು ಸಂಪಾದಕರಿಗೆ ಕಳಿಸುವ ಮೊದಲು, ಹೋದ ಭಾನುವಾರ ಮಗಳನ್ನೂ ಕರೆದುಕೊಂಡು ಅವರ ಮನೆಗೆ ಹೋದೆ.

ಪೊಟ್ಟಣದ ಗುಟ್ಟನ್ನು ಮಗಳೇ ಹೇಳಿದಳು. ರಾಯರು ಜೋರಾಗಿ ನಕ್ಕರು. ತರುಣರಾಗಿದ್ದಾಗ ಹವ್ಯಾಸಿ ನಾಟಕದಲ್ಲಿ ಭೀಮನ ಪಾತ್ರ ಮಾಡಿ, ಹತ್ತಿ ತುಂಬಿದ ಗದೆ ಬೀಸಿದ್ದನ್ನು ನೆನಸಿಕೊಂಡರು. ಆಮೇಲೆ ನಾನು ಆ ಮನುಷ್ಯನ ಕತೆ ಹೇಳಿದೆ, ಈ ಸಲ ಪೂರ್ತಿ. ರಾಯರು ನಗಲಿಲ್ಲ. ಬಹಳ ಹೊತ್ತು ಕಿಟಕಿಯ ಮೇಲಿನ ಸೀಸೆಯನ್ನು ನೋಡುತ್ತ ಕುಳಿತರು. ಬಿಸಿಲಿಗೆ ಹೊಳೆಯುತ್ತ ಐದಾರು ಜೀವಿಗಳು ಅಂಗಾತ ಈಜುತ್ತಿದ್ದವು. “ಅವನ ತಾಯಿ ಹೆಸರೇನಂತೆ?” ಎಂದು ಕೇಳಿದರು. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಮಗಳು ನನ್ನ ಮುಖ ನೋಡಿದಳು.

ಕಾಫಿ ಮುಗಿಸಿ ಹೊರಟಾಗ ರಾಯರು ಬಾಗಿಲ ತನಕ ಬಂದರು. ಸೀಸೆಯ ನೀರು ದಿನದಿನಕ್ಕೆ ಇಳಿಯುತ್ತಿದೆಯಲ್ಲ, ಉಪ್ಪುನೀರು ಬೆರೆಸಿ ತುಂಬಲೇ ಎಂದು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು, “ಬೇಡ ಅಜ್ಜಾ, ಸಾದಾ ನೀರೇ ಹಾಕಿ. ಆರೋದು ನೀರು ಮಾತ್ರ, ಉಪ್ಪು ಅಲ್ಲೇ ಇರತ್ತೆ. ಕೊಳಾಯಿ ನೀರನ್ನ ಒಂದು ರಾತ್ರಿ ಇಟ್ಟು ಹಾಕಿ” ಎಂದಳು. ಅವರು ಕನ್ನಡಕ ಹಾಕಿಕೊಂಡು ಒಳಗೆ ಹೋಗಿ, ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಅದನ್ನು ಬರೆದಿಟ್ಟುಕೊಂಡರು.